ಮದುವೆಯಲ್ಲೂ, ಮದುವೆ ಮುಗಿದಾಗಲೂ

ಓಶಾನಾದ ತಗ್ಗುಬಯಲಲ್ಲಿ ನಿಂತ ನೀರಿಗೆ ಇಳಿಯುವ ಮುಂಚೆ ಹೈಕಿ ಬೂಟು ಬಿಚ್ಚಿ, ಪ್ಯಾಂಟನ್ನು ಮೊಣಕಾಲ ತನಕ ಮಡಿಚಿದ. ವಿಂಡ್‌ಹುಕ್‌ನಲ್ಲಿ ಕೊಂಡ ಬೂಟು. ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಎದೆಮಟ್ಟಕ್ಕೆ ಎತ್ತಿಕೊಂಡು ಹೆಜ್ಜೆ ಹಾಕುತ್ತಿರುವ ತನ್ನನ್ನು ದೂರದಿಂದ ಯಾರಾದರೂ ನೋಡಿದರೆ, ಎರಡು ಕೋಳಿ ಹಿಡಿದುಕೊಂಡು ಬೀಗರ ಮನೆಗೆ ಹೊರಟವನ ಹಾಗೆ ಕಾಣಬಹುದು ಅನ್ನಿಸಿ ನಗು ಬಂತು. ಮರುಗಳಿಗೆಯೇ, ತಾನು ಹೊರಟಿರುವುದು ಕೊಡುವುದಕ್ಕಲ್ಲ, ತೆಗೆದುಕೊಳ್ಳುವುದಕ್ಕೆ ಎಂಬುದು ನೆನಪಾಗಿ ಬೂಟುಗಳನ್ನು ಎದೆಯಿಂದ ಸೊಂಟಕ್ಕೆ ಇಳಿಸಿಕೊಂಡ. ಈ ವರ್ಷ ನೀರು ಚೆನ್ನಾಗಿ ಬಂದಿತ್ತು. ಅಂಗೋಲಾದ ಕಡೆಯಿಂದ ಸದ್ದಿಲ್ಲದೆ ಹರಡಿಕೊಂಡು ಬಂದು, ಬಯಲನ್ನೆಲ್ಲ ತುಂಬಿ, ಬಿಳಿ ನೈದಿಲೆಗಳನ್ನು ಎತ್ತಿ ನಿಲ್ಲಿಸಿತ್ತು. ದಡದ ಮೇಲೆ ಸಜ್ಜೆ ಆಳೆತ್ತರ ಬೆಳೆದಿತ್ತು. ಯುದ್ಧ ಮುಗಿದಿತ್ತು. ಮುಂದಿನ ತಿಂಗಳು ಹೊಸ ಬಾವುಟ ಏರುವುದಿತ್ತು. ಇಷ್ಟು ಒಳ್ಳೆಯ ವರ್ಷದಲ್ಲಿ ತನ್ನೊಬ್ಬನ ಮನಸ್ಸು ಮಾತ್ರ ಯಾಕೆ ಹೀಗೆ ಬೂಟಿನೊಳಗಿನ ಕಲ್ಲಿನ ಹಾಗೆ ಒತ್ತಬೇಕು ಎಂದು ಯೋಚಿಸುತ್ತಿದ್ದಾಗ, ಬಾಯಗಲದ ಬುಟ್ಟಿಗಳನ್ನು ನೀರಿಗೆ ಮುಳುಗಿಸಿ ಮೀನು ಹಿಡಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ ಕೂಗಿದಳು:

"ಮೇಷ್ಟ್ರೇ, ಎದ್ರಾ?"

"ಎದ್ದೆ. ನೀವು ಎದ್ರಾ?"

"ಎದ್ದು ಇಷ್ಟೊತ್ತಾಯ್ತು. ಅಲ್ಲಾ, ದೇಶಕ್ಕೆಲ್ಲಾ ಕಾನೂನು ಬರೆದ್ರಂತೆ. ಈ ಮೀನಿಗೂ ಒಂದು ಸಾಲು ಬರೀಬಾರದಿತ್ತಾ, ತಾವಾಗೇ ಬುಟ್ಟಿಗೆ ಬರೋ ಹಾಗೆ?"

"ಬರೆದ್ವಿ ತಾಯಿ. ಮೀನಿಗೆ ಓದೋಕೆ ಬರಬೇಕಲ್ಲ."

ಹೆಂಗಸರು ಗೊಳ್ಳೆಂದು ನಕ್ಕರು. ಉತ್ತರ ಚೆನ್ನಾಗಿ ಬಂತು ಎಂದು ಅವನಿಗೂ ಖುಷಿಯಾಯಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಆ ಖುಷಿ ನಾಚಿಕೆಯಾಯಿತು.

ಅವನು ಬರೆದಿರಲಿಲ್ಲ. ಒಂದಕ್ಷರ ಬರೆದಿರಲಿಲ್ಲ. ಸಂವಿಧಾನ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಲಂಡನ್ನು, ಲುಸಾಕಾಗಳಲ್ಲಿ ಕಲಿತು ಬಂದ ಹುಡುಗರು, ಅವರಲ್ಲಿ ಇಬ್ಬರು ಅವನ ಹತ್ತಿರವೇ ಮಗ್ಗಿ ಕಲಿತವರು, ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತಿದ್ದರೆ ಅವನು ಮೂರು ಶಬ್ದ ಹಿಂದೆ ಓಡುತ್ತಿದ್ದ. ಊಟವಾದ ಮೇಲಿನ ಹೊತ್ತಿನಲ್ಲಿ ಕಣ್ಣು ಮುಚ್ಚಿಹೋಗುತ್ತಿತ್ತು. ಎಚ್ಚರವಾದಾಗ ಒಂದು ಕಲಮು ಪಾಸಾಗಿರುತ್ತಿತ್ತು. ಆದರೂ ಕೆಲವು ಶಬ್ದಗಳನ್ನು ಕೇಳಿದಾಗ ಮೈ ಬಿಸಿಯಾಗುತ್ತಿತ್ತು. ಇನ್ನು ಈ ದೇಶದಲ್ಲಿ ಯಾರಿಗೂ ಗಲ್ಲಿಲ್ಲ ಎಂದು ಓದಿದ ದಿನ ಅವನು ಊಟದ ಮನೆಗೆ ಹೋಗದೆ, ಹೊರಗೆ ಹುಲ್ಲಿನ ಮೇಲೆ ಒಬ್ಬನೇ ನಿಂತು, ಇಂಥ ಮಾತಿಗೆ ತಾನೂ ಕೈ ಎತ್ತಿದೆನಲ್ಲ ಎಂದು ಸುಮ್ಮನೆ ಕೈಯನ್ನೇ ನೋಡಿಕೊಂಡಿದ್ದ. ಆಮೇಲೆ ಬಂತು ಆ ಇನ್ನೊಂದು ಮಧ್ಯಾಹ್ನ. ಹೊರಗೆ ಬೆಟ್ಟದ ಮೇಲೆ ಗುಡುಗು. ಮದುವೆಯ ಕಲಮು ಓದಿದರು: ಗಂಡು ಹೆಣ್ಣು ಇಬ್ಬರಿಗೂ ಮದುವೆಯಲ್ಲೂ, ಮದುವೆ ಮುಗಿದಾಗಲೂ ಸಮಾನ ಹಕ್ಕು. ಹೈಕಿ ಎದ್ದು ನಿಂತ. ಕೇಳಬೇಕಾದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕನ್ನಡಿಯ ಮುಂದೆ ಉರು ಹೊಡೆದಿದ್ದ. ಒಬ್ಬರು ಸತ್ತರೆ ಮದುವೆ ಮುಗಿದ ಹಾಗೆಯೋ, ಅಲ್ಲವೋ? ಅಷ್ಟೇ. ತಮ್ಮ ವಿಲ್ಹೋ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಅವನ ಹೆಂಡತಿ ರೌನಾ ಮನೆಯಲ್ಲಿ ಒಬ್ಬಳೇ ಇದ್ದಳು. ಪ್ರಶ್ನೆ ಅಲ್ಲಿಂದ ಹುಟ್ಟಿದ್ದು. ಸಭೆಯ ಮುಖಗಳೆಲ್ಲ ಹಿಂದಕ್ಕೆ ತಿರುಗಿದವು. ಆ ಗಳಿಗೆಯಲ್ಲಿ ವಿಲ್ಹೋನ ದನಗಳು ಅವನ ಕಣ್ಣೆದುರು ಬಂದವು, ಸಂಜೆ ದೊಡ್ಡಿಗೆ ಮರಳುವ ಹಾಗೆ ಸಾಲಾಗಿ, ಎಲ್ಲಕ್ಕಿಂತ ಮುಂದೆ ಆ ಕೆಂಪು ಹೋರಿ. ಕಟ್ಟಳೆಯ ಪ್ರಕಾರ ಅವೆಲ್ಲ ಹೆಂಡತಿಗಲ್ಲ, ಅಣ್ಣನಾದ ತನಗೆ ಬರಬೇಕಾದವು. ಗಾಳಿ ನುಗ್ಗಿ ಮೇಜಿನ ಹಾಳೆಗಳು ಹಾರಿದವು. "ದಯವಿಟ್ಟು ಕಿಟಕಿ ಮುಚ್ಚಿ" ಎಂದ. ಯಾರೋ ಎದ್ದು ಮುಚ್ಚಿದರು. ಅವನು ಕುಳಿತ. ಇಡೀ ಸಭೆಯಲ್ಲಿ ಅವನು ಆಡಿದ ಮಾತು ಅದೊಂದೇ. ಭಾಷೆ ಕೈಕೊಟ್ಟಿತು ಎಂದು ಆ ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಆದರೆ ಕಿಟಕಿ ಮುಚ್ಚಿ ಎಂದದ್ದೂ ಇಂಗ್ಲಿಷಿನಲ್ಲೇ ಅಲ್ಲವೇ?

ನೀರು ದಾಟಿ ಬೂಟು ಹಾಕಿಕೊಂಡ. ತಮ್ಮನ ಮನೆಯ ಮೊಪಾನೆ ಮರದ ಗೂಟಗಳ ಬೇಲಿ ಕಂಡಿತು. ಸಾಲು ಗೂಟಗಳ ನಡುವೆ ಕಿಂಡಿ ಬಿಡದೆ ಎಷ್ಟು ಒತ್ತಾಗಿ ನೆಟ್ಟಿದ್ದ ವಿಲ್ಹೋ! ಚಿಕ್ಕಂದಿನಿಂದಲೂ ಅವನಿಗೆ ಬೇಲಿಯ ಹುಚ್ಚು. ಇರುವೆಗೂಡಿನ ಸುತ್ತ ಕಡ್ಡಿ ನೆಟ್ಟು ಬೇಲಿ ಮಾಡುತ್ತಿದ್ದ. ಅಪ್ಪ ಸತ್ತಾಗ ಅವನಿನ್ನೂ ಅವ್ವನ ಬೆನ್ನ ಮೇಲಿನ ಕೂಸು. ಅಪ್ಪನ ಬಳಿಯವರು, ಅಂದರೆ ತಾಯಿಯಿಂದ ಬರುವ ಕುಲದವರು, ಅಪ್ಪನ ಅಕ್ಕನ ಮಕ್ಕಳು, ಬಂದರು. ಕೆಟ್ಟವರೇನಲ್ಲ. ಹಾಡು ಹೇಳಿದರು, ಅತ್ತರು, ಆಮೇಲೆ ದನ ಬಿಚ್ಚಿದರು, ಕಣಜ ಬಗೆದರು, ಬಾಗಿಲನ್ನೂ ಕಿತ್ತುಕೊಂಡರು. ಒಲೆಯ ಮೇಲೆ ಮುದ್ದೆ ಬೇಯುತ್ತಿತ್ತು. ಮಡಕೆ ಯಾರದೆಂದು ಅವರಲ್ಲೇ ಚರ್ಚೆಯಾಗಿ, ಮುದ್ದೆಯನ್ನು ಎಲೆಯ ಮೇಲೆ ಸುರಿದು ಮಡಕೆ ತೆಗೆದುಕೊಂಡು ಹೋದರು. ಬಿಸಿ ಮುದ್ದೆಯನ್ನು ಎಲೆಯಲ್ಲಿ ಹಿಡಿದುಕೊಂಡು ಅವ್ವನ ಹಿಂದೆ ನಡೆದದ್ದು, ಅಂಗೈ ಸುಟ್ಟದ್ದು, ಸುಟ್ಟರೂ ಬಿಡದೆ ಇದ್ದದ್ದು. ಕೊನೆಗೆ ಅವ್ವನ ತಮ್ಮ ಶಿಕೊಂಗೋ ಮಾವನ ಮನೆಯ ಮುಂದೆ ನಿಂತದ್ದು. ಮಾವ ಆಗಿನ್ನೂ ತರುಣ. ಒಂದೂ ಪ್ರಶ್ನೆ ಕೇಳದೆ ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದ. ಆ ಸರಿದು ನಿಂತ ಭಂಗಿಯನ್ನು ಹೈಕಿ ಇವತ್ತಿಗೂ ಮರೆತಿಲ್ಲ. ಈಗ ಅದೇ ಮಾವ ದಿನ ಗೊತ್ತು ಮಾಡಿ ಕರೆದಿದ್ದಾನೆ: ಬಾ, ನಿನ್ನ ತಮ್ಮನ ಆಸ್ತಿಯ ಮೇಲೆ ಕೂರು.

ಅಂಗಳದಲ್ಲಿ ಮರೂಲಾ ಹಣ್ಣಿನ ರಾಶಿ. ಅದರ ಹುಳಿ ಸಿಹಿ ಘಮಲು ಬೇಲಿಯಾಚೆಗೂ ಬರುತ್ತಿತ್ತು. ಬೆಳಿಗ್ಗೆಯೇ ಬಂದಿದ್ದ ಹೈಕಿಯ ಹೆಂಡತಿ ಸಾರಾ, ರೌನಾಳ ಪಕ್ಕ ಕೂತು, ಹಸುವಿನ ಕೊಂಬಿನ ಚೂಪಿನಿಂದ ಹಣ್ಣಿನ ಸಿಪ್ಪೆ ಸೀಳಿ ರಸ ಹಿಂಡುತ್ತಿದ್ದಳು. ಅವನನ್ನು ನೋಡಿ, ನೋಡದವಳ ಹಾಗೆ ಮುಖ ತಿರುಗಿಸಿದಳು. ನಸುಕಿನಲ್ಲಿ ಮನೆಯಿಂದ ಹೊರಡುವಾಗ ಒಂದೇ ಮಾತು ಹೇಳಿದ್ದಳು: "ಇವತ್ತು ರೌನಾಂಗೆ ನೀವು ಏನು ಮಾಡ್ತೀರೋ, ನಾಳೆ ನಿಮ್ಮಕ್ಕನ ಮಗ ನಂಗೆ ಅದನ್ನೇ ಮಾಡೋದು. ನೋಡಿ ಕಲೀಲಿ ಪಾಪ." ಆ 'ಪಾಪ'ದ ಮೇಲೆ ಅವಳು ಇಟ್ಟ ಒತ್ತು ಅವನ ಬೆನ್ನ ಹಿಂದೆ ದಾರಿಯುದ್ದಕ್ಕೂ ಬಂದಿತ್ತು.

ಒಳ ಅಂಗಳದ ಬೆಂಕಿಯ ಸುತ್ತ ಮರದ ದಿಮ್ಮಿಗಳ ಮೇಲೆ ಎಲ್ಲರೂ ಕೂತರು. ಶಿಕೊಂಗೋ ಮಾವ, ಎಂಬತ್ತು ದಾಟಿದ ಮುದುಕ, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಹೈಕಿಯ ಅಕ್ಕ ಲಾಹ್ಯಾ, ಆಗಲೇ ಒಳಗೆ ಹೋಗಿ ಹೊಲಿಗೆ ಯಂತ್ರವನ್ನು ನೋಡಿಕೊಂಡು ಬಂದವಳು, ತಮ್ಮನ ಹತ್ತಿರ ಸರಿದು ಪಿಸುಗುಟ್ಟಿದಳು: "ಬೆಲ್ಟು ಹೊಸದು ಹಾಕ್ಸಿದಾನೆ ವಿಲ್ಹೋ." ಬೆಂಕಿಯ ಎದುರು ವಿಲ್ಹೋನ ಮಣೆ ಖಾಲಿಯಿತ್ತು. ನಡುವೆ ತಗ್ಗಾದ, ಕೂತು ಕೂತು ನುಣುಪಾದ ಮಣೆ. ಇನ್ನು ಅದರ ಮೇಲೆ ಕೂತವನದೇ ಆಸ್ತಿ.

"ಹೈಕಿ, ಕೂರು" ಅಂದ ಮಾವ.

ಅವನು ಕೂರಲಿಲ್ಲ. "ಮಾವ, ನಂಗೆ ಇದು ಬೇಡ" ಅಂದ. ಬರುತ್ತ ದಾರಿಯಲ್ಲಿ ಸಿದ್ಧ ಮಾಡಿಕೊಂಡದ್ದು ಇಷ್ಟೇ ಮಾತು. ಹೇಳಿದ ಕೂಡಲೇ ಎಲ್ಲ ಮುಗಿದುಹೋಗುತ್ತದೆ, ಹಗುರಾಗಿಬಿಡುತ್ತೇನೆ ಅಂದುಕೊಂಡಿದ್ದ.

ಮಾವನಿಗೆ ಆಶ್ಚರ್ಯವೂ ಆಗಲಿಲ್ಲ. "ಬೇಡ್ವಾ? ಸರಿ. ನಿಂಗೆ ಬೇಡದಿದ್ರೆ ಲಾಹ್ಯಾನ ಮಗಂಗೆ ಹೋಗ್ತದೆ. ಅವನು ನಾಳೆ ಲಾರಿ ತರ್ತಾನೆ. ಬಳಿಯ ಆಸ್ತಿ ಗಾಳೀಲಿ ನೇತಾಡಲ್ಲಪ್ಪಾ."

ಹೈಕಿ ಪೆಚ್ಚಾದ. ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ತನ್ನ ಕೈ ತೊಳೆದುಕೊಂಡರೆ ತನ್ನ ಕೈ ಮಾತ್ರ ಶುದ್ಧವಾಗುತ್ತದೆ. ಲಾಹ್ಯಾ ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡಳು. ಅವನು ತಬ್ಬಿಬ್ಬಾಗಿ ಮಣೆಯನ್ನು ನೋಡಿದ. ಬೇರೆ ದಾರಿ ಕಾಣದೆ ಕೂತ. ಮರ ತಣ್ಣಗಿತ್ತು. "ಹಾಗಾದ್ರೆ ನಾನೇ ತಗೊಂಡೆ. ರೌನಾ, ಮನೆ, ಹೊಲ, ದನ, ಎಲ್ಲಾ ಇಲ್ಲೇ ಇರಲಿ. ನೀನು ಇರೋವರೆಗೂ ಇರು. ನಿನ್ನನ್ನ ಯಾರೂ ಏನೂ ಕೇಳದ ಹಾಗೆ ನೋಡ್ಕೋತೀನಿ."

ಈಗಲಾದರೂ ಅವಳ ಮುಖ ಅರಳುತ್ತದೆ ಎಂದು ನೋಡಿದ. ರೌನಾ ಮೊಣಕೈ ತನಕ ಹಣ್ಣಿನ ರಸ ಹತ್ತಿದ ಕೈಗಳನ್ನು ಚಾಚಿಕೊಂಡು, ಎಲ್ಲಿಯೂ ಒರೆಸಿಕೊಳ್ಳದೆ ನಿಂತಿದ್ದಳು. ಅವಳ ಒಬ್ಬನೇ ಅಣ್ಣ ಗಡಿ ದಾಟಿ ಯುದ್ಧಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಪಕ್ಕಕ್ಕೆ ಸರಿದು ಬಾಗಿಲು ಬಿಡುವುದಕ್ಕೆ ಅವಳಿಗೆ ಯಾರೂ ಇರಲಿಲ್ಲ.

"ಭಾವ, ಇದು ನಿಮ್ಮ ದಯೆ" ಅಂದಳು. "ದಯೆ ಒಳ್ಳೇದೇ. ಆದ್ರೆ ನಿಮಗೆ ಒಂದು ದಿನ ತಲೆನೋವು ಬಂದು ದಯೆ ಕೆಟ್ಟು ಹೋಯ್ತು ಅನ್ನಿ, ಆಗ ನಾನು ಎಲ್ಲಿಗೆ ಹೋಗ್ಲಿ? ನೀವು ಸತ್ರೆ ನಿಮ್ಮ ದಯೇನೂ ಹೂತು ಬರ್ತಾರಲ್ಲ. ನಂಗೆ ದಯೆ ಬೇಡ. ನೀವು ಅಲ್ಲಿ ಕೂತು ಬರೆದ ಪುಸ್ತಕದಲ್ಲಿ ನಂದು ಅಂತ ಏನಾದ್ರೂ ಬರೆದಿದ್ರೆ ಅದನ್ನ ಹೇಳಿ. ಬರೆದಿಲ್ವಾ, ಅದನ್ನೂ ಹೇಳಿ. ನಾನು ಇವತ್ತೇ ಗಂಟು ಕಟ್ತೀನಿ."

"ನೋಡಮ್ಮಾ" ಅಂದ ಮಾವ, "ಮರೂಲಾ ಕಾಲ ಇದು. ಗಂಡಸರು ಸೊಂಟದಲ್ಲಿ ಚಾಕು ಇಟ್ಕೊಳ್ಳಬಾರದು, ಯಾರೂ ವ್ಯಾಜ್ಯ ಎತ್ತಬಾರದು."

"ಬೆಳಿಗ್ಗೆ ನೀವೇ ಅಂದ್ರಲ್ಲ ತಾತಾ, ಇದು ವ್ಯಾಜ್ಯ ಅಲ್ಲ, ಬರೀ ಮಾತು ಅಂತ. ಮಾತಾಡ್ತಿದೀನಿ."

ಸಾರಾ ಕೊಂಬನ್ನು ಕೆಳಗಿಟ್ಟಳು. ಎಲ್ಲರೂ ಹೈಕಿಯನ್ನು ನೋಡಿದರು. ಮುಖಗಳು ತಿರುಗಿದವು, ಆ ದಿನದ ಹಾಗೆಯೇ. ಆದರೆ ಇಲ್ಲಿ ಗಾಳಿಯೂ ಇರಲಿಲ್ಲ, ಬೆಂಕಿಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಪುಸ್ತಕದಲ್ಲಿ ಏನಿದೆ? ಅವನ ತಲೆಯಲ್ಲಿ ಆ ಕಲಮು ತನ್ನ ಇಂಗ್ಲಿಷಿನ ಉಡುಪಿನಲ್ಲೇ ನಿಂತಿತ್ತು, ದೂರದ ಊರಿನ ಅಧಿಕಾರಿಯಂತೆ. ಅದನ್ನು ಇಲ್ಲಿಯ ಮಾತಿಗೆ ಹೇಗೆ ಇಳಿಸುವುದು? ಮೂವತ್ತು ವರ್ಷ ಶಾಲೆಯಲ್ಲಿ ಅವನು ಮಾಡಿದ್ದು ಒಂದೇ ಕೆಲಸ, ಗೊತ್ತಿಲ್ಲದ್ದನ್ನು ಗೊತ್ತಿರುವುದರಿಂದ ಕೇಳಿ ಕೇಳಿ ಹೊರಗೆಳೆಯುವುದು. ಉತ್ತರ ತನಗೂ ಗೊತ್ತಿಲ್ಲದ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಹುಡುಗರ ಜೊತೆಗೇ ಬಿಡಿಸುತ್ತ ಹೋದ ದಿನಗಳು ಇದ್ದವು. ಆ ದಿನಗಳಲ್ಲೇ ಅವನು ಒಳ್ಳೆಯ ಮೇಷ್ಟ್ರಾಗಿದ್ದದ್ದು.

"ಮಾವ," ಎಂದು ಶುರುಮಾಡಿದ, "ವಿಲ್ಹೋ ಸತ್ತು ಇಷ್ಟು ದಿನ ಆಯ್ತು. ಇವತ್ತು ಯಾರಾದ್ರೂ ಬಂದು ಈ ಹೆಂಗಸು ಯಾರು ಅಂತ ನಿಮ್ಮನ್ನ ಕೇಳಿದ್ರೆ ಏನು ಹೇಳ್ತೀರಿ?"

"ಏನು ಹೇಳೋದು? ವಿಲ್ಹೋನ ಹೆಂಡ್ತಿ."

"ಅಂದ್ರೆ ಮದುವೆ ಇನ್ನೂ ಇದೆ."

ಮಾವ ಕಣ್ಣು ಕಿರಿದು ಮಾಡಿದ. "ಇದೆ... ಇಲ್ಲ. ಅವನು ಸತ್ತ ಮೇಲೆ ಎಂಥಾ ಮದುವೆ?"

"ಹಾಗಾದ್ರೆ ಮುಗೀತು ಅನ್ನಿ."

"ಮುಗೀತು."

"ಪುಸ್ತಕದಲ್ಲಿ ಇರೋದು ಇಷ್ಟೇ ಮಾವ. ಮದುವೆ ಇದ್ರೂ ಇಬ್ಬರೂ ಸಮ, ಮುಗಿದ್ರೂ ಇಬ್ಬರೂ ಸಮ. ಇದೆ ಅಂದ್ರೂ ಇವಳದ್ದು ಅರ್ಧ. ಇಲ್ಲ ಅಂದ್ರೂ ಅರ್ಧ. ನೀವು ಯಾವ ಕಡೆಯಿಂದ ಬನ್ನಿ, ಇವಳು ಅಲ್ಲೇ ನಿಂತಿರ್ತಾಳೆ."

ಹೇಳಿ ಮುಗಿಸಿದ ಮೇಲೆಯೇ ಅವನಿಗೆ ಅದು ಅರ್ಥವಾದದ್ದು. ವಿಂಡ್‌ಹುಕ್‌ನ ಆ ಸಭಾಂಗಣದಲ್ಲಿ, ಕನ್ನಡಿಯ ಮುಂದೆ ಉರು ಹೊಡೆಯುವಾಗ, ಸಹಿ ಹಾಕುವಾಗ ಕೂಡ ಹೊಳೆಯದೆ ಇದ್ದದ್ದು ಈ ಹೊಗೆಯ ಎದುರು ಹೊಳೆಯಿತು. ಪ್ರಶ್ನೆಯನ್ನೇ ಕೇಳಬೇಕಾಗಿರಲಿಲ್ಲ, ಉತ್ತರ ಆ ಸಾಲಿನಲ್ಲೇ ಕೂತಿತ್ತು. ಎಂಥ ಜಾಣರು ಬರೆದವರು, ಅಥವಾ ಅವರಿಗೂ ಗೊತ್ತಿತ್ತೋ ಇಲ್ಲವೋ. ಅವನಿಗೆ ಮಕ್ಕಳ ಹಾಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು.

"ಹಳೇ ಕಟ್ಟಳೆ ಹಾಗೇ ನಡೀತದೆ ಅಂತ ರೇಡಿಯೋದಲ್ಲಿ ಹೇಳಿದ್ರು" ಅಂದ ಮಾವ.

"ನಡೀತದೆ ಮಾವ, ಪುಸ್ತಕಕ್ಕೆ ಎದುರು ನಿಲ್ಲದಿದ್ರೆ."

"ಇದನ್ನ ಅಲ್ಲಿ ಕೇಳಿ ಇತ್ಯರ್ಥ ಮಾಡ್ಕೊಂಡು ಬಂದ್ಯಾ?"

"ಕೇಳಲಿಲ್ಲ."

"ಯಾಕೆ?"

ಹೈಕಿ ಕಟ್ಟಿಗೆಯೊಂದನ್ನು ಬೆಂಕಿಗೆ ನೂಕಿದ. ಅದು ಚಟಚಟ ಅಂದಿತು.

"ಯಾಕೆ ಅಂತ ನಾನು ಹೇಳ್ತೀನಿ" ಅಂದಳು ರೌನಾ. "ಕೇಳಿದ್ರೆ ದನ ಕೈಬಿಟ್ಟು ಹೋಗ್ತಿದ್ವಲ್ಲ. ಆ ಕೆಂಪು ಹೋರಿ ಮೇಲೆ ಭಾವನ ಕಣ್ಣು ಅದು ಕರು ಆಗಿದ್ದಾಗಿಂದ."

ಮೊದಲು ನಕ್ಕದ್ದು ಸಾರಾ. ತಡೆದುಕೊಳ್ಳಲಾಗದೆ, ಬಾಯಿಗೆ ಅಡ್ಡ ಇಟ್ಟ ಕೈಯ ರಸ ಮುಖಕ್ಕೆಲ್ಲ ಹತ್ತಿಸಿಕೊಂಡು ನಕ್ಕಳು. ಮಾವನ ಹಲ್ಲಿಲ್ಲದ ಬಾಯಿಯೂ ಅಗಲವಾಯಿತು. ಹೈಕಿ ಕಿವಿಯ ತುದಿಯ ತನಕ ಬಿಸಿಯಾದ. ಇದೊಂದು ಮಾತನ್ನು ಯಾರೂ ಆಡಬಾರದೆಂದು ತಿಂಗಳುಗಟ್ಟಲೆ ಎಷ್ಟು ಜೋಪಾನ ಮಾಡಿದ್ದ, ಇವಳಿಗೆ ಅದು ಮೊದಲೇ ಗೊತ್ತಿತ್ತು, ಪ್ರಾಯಶಃ ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಭಾವ ಅನ್ನುತ್ತಿದ್ದಳು. ಅವನು ತಲೆ ತಗ್ಗಿಸಿದ. ತಗ್ಗಿಸಿದ ಮೇಲೆ, ಅವನಿಗೇ ಆಶ್ಚರ್ಯವಾಗುವಂತೆ, ನಗು ಹೊಟ್ಟೆಯ ತಳದಿಂದ ಎದ್ದು ಬಂತು.

ಶಿಕೊಂಗೋ ಮಾವ ಮಾತ್ರ ಬೇಗ ಗಂಭೀರನಾದ. "ನಗಬೇಡಿ. ನಿನ್ನ ಅವ್ವ ನಿಮ್ಮ ಮೂವರನ್ನ ಕರ್ಕೊಂಡು ಬಂದಾಗ ನಾನು ಯಾವ ಪುಸ್ತಕ ಓದಿ ಬಾಗಿಲು ತೆಗೆದೆ? ಬಳಿ ಅನ್ನೋದು ಹಾಗೆ ನಡೆಯೋದು. ಒಂದು ಕಡೆ ಕಿತ್ಕೊಳ್ತದೆ, ಇನ್ನೊಂದು ಕಡೆ ತುಂಬ್ತದೆ. ನೀನು ಬರೀ ಕಿತ್ಕೊಳ್ಳೋದನ್ನ ನೋಡಿದೀಯ."

"ತುಂಬಿದ್ದನ್ನೂ ನೋಡಿದೀನಿ ಮಾವ. ನಾನು ಬದುಕಿರೋದೇ ಅದರಿಂದ." ಹೈಕಿ ಮಾವನ ಹತ್ತಿರಕ್ಕೆ ಬಾಗಿದ. "ಆದ್ರೆ ಅವತ್ತು ನೀವು ಇರದಿದ್ರೆ? ರೌನಾಂಗೆ ನಿಮ್ಮಂಥ ತಮ್ಮ ಇಲ್ಲ."

ಮುದುಕ ಕೋಲಿನಿಂದ ಬೂದಿಯಲ್ಲಿ ಗೆರೆ ಎಳೆದ, ಅಳಿಸಿದ, ಮತ್ತೆ ಎಳೆದ. ಅವನ ತುಟಿ ಅಲ್ಲಾಡುತ್ತಿತ್ತು. ಸತ್ತ ಅಕ್ಕನ ಜೊತೆ ಮಾತಾಡುತ್ತಿರಬಹುದು ಅನ್ನಿಸಿತು ಹೈಕಿಗೆ. ಕೊನೆಗೆ ತಲೆ ಎತ್ತಿ, "ಸಮ ಅಂದ್ರೆ ಸಮ. ನಾಳೆ ಅವಳು ಪೂರಾ ಬೇಕು ಅನ್ನಬಾರದು. ಹೊಲ ಉತ್ತೋಳು ಅವಳು, ಮನೆ ಹೊಲ ಅವಳಿಗೇ ಇರಲಿ. ದನದಲ್ಲಿ ಅರ್ಧ ಬಳಿಗೆ. ಕೆಂಪು ಹೋರಿ ಬಳಿಗೆ" ಅಂದ.

"ಹೋರಿ ಹೊಡ್ಕೊಂಡು ಹೋಗಿ" ಅಂದಳು ರೌನಾ. "ಗಬ್ಬದ ಹಸು ನಂದು. ಅದು ನಮ್ಮಪ್ಪ ಕೊಟ್ಟ ಹಸುವಿನ ಮಗಳು."

"ಗಬ್ಬದ್ದು ಅಂದ್ರೆ ಎರಡಾಯ್ತಲ್ಲ!"

"ಹುಟ್ಟೋ ಮುಂಚೆ ಎಣಿಸ್ತೀರಾ ತಾತಾ? ಹೋರಿ ಒಂದು ಆದ್ರೂ ನಾಲ್ಕರಷ್ಟು ತಿನ್ನಲ್ವಾ?"

ಚೌಕಾಸಿ ಶುರುವಾಯಿತು. ಹೈಕಿ ಮಣೆಯಿಂದ ಎದ್ದು ಪಕ್ಕದ ದಿಮ್ಮಿಗೆ ಸರಿದದ್ದನ್ನು ಯಾರೂ ಗಮನಿಸಲಿಲ್ಲ. ಬಳಿಯ ಪಾಲಿಗೆ ಬಂದ ದನ ಮಾವನ ದೊಡ್ಡಿಯಲ್ಲೇ ಇರಲಿ ಎಂದು ಅವನು ಅಂದಾಗ ಒಳಗೆಲ್ಲೋ ಕೆಂಪು ಹೋರಿ ಒಮ್ಮೆ ತಿರುಗಿ ನೋಡಿದಂತಾಗಿ ಚುರುಕ್ಕೆಂದಿತು, ನಿಜ. ಆದರೆ ಅದು ಹಲ್ಲು ಕಿತ್ತ ಜಾಗದ ನೋವಿನ ಹಾಗೆ, ನಾಲಗೆ ಆಡಿಸಿ ನೋಡಿದರೆ ಒಂದು ಥರ ಹಿತವಾಗಿತ್ತು. ಹೊಲಿಗೆ ಯಂತ್ರ ರೌನಾಳಿಗೇ ಉಳಿಯಿತು. ಲಾಹ್ಯಾ ಎದ್ದು ನಿಂತಳು. "ನನ್ನ ತಮ್ಮ ಸತ್ತ. ಇನ್ನೊಬ್ಬ ವಿಂಡ್‌ಹುಕ್‌ಗೆ ಹೋಗಿ ಬಂದ. ಎರಡೂ ಒಂದೇ ಆಯ್ತು" ಅಂದಳು. ರೌನಾ ಸೋರೆಬುರುಡೆಯಲ್ಲಿ ತಂದು ಹಿಡಿದ ಮರೂಲಾ ರಸವನ್ನು ಮುಟ್ಟದೆ ಹೋದಳು. ಹೈಕಿ ಬೇಲಿಯ ತನಕ "ಅಕ್ಕಾ, ಅಕ್ಕಾ" ಎಂದು ಹಿಂದೆ ಹೋದ, ಅವಳು ತಿರುಗಲಿಲ್ಲ. ಒಂದೇ ಬೆನ್ನಿನಲ್ಲಿ ಅವನನ್ನೂ ವಿಲ್ಹೋನನ್ನೂ ಹೊತ್ತವಳು, ಚಿಕ್ಕಂದಿನಲ್ಲಿ ಅವನ ಸುಟ್ಟ ಅಂಗೈಗೆ ಉಗುಳು ಸವರಿದವಳು. ಬಾವುಟ ಏರುವ ದಿನಕ್ಕೂ ಅವಳು ಮಾತಾಡಲಿಕ್ಕಿಲ್ಲ. ಸುಗ್ಗಿಯ ಹೊತ್ತಿಗೆ ಆಡಬಹುದು. ಆಡದೆಯೂ ಇರಬಹುದು. ಅದನ್ನು ಯಾವ ಕಲಮೂ ಸರಿ ಮಾಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಿದ್ದು ತಪ್ಪೆನ್ನಿಸಲಿಲ್ಲ. ಒಳಗೆ ಬಂದು ಅವಳು ಬಿಟ್ಟ ಬುರುಡೆಯನ್ನು ತಾನೇ ಎತ್ತಿ ಕುಡಿದ. ಸಿಹಿ ಇನ್ನೂ ಹುಳಿಗೆ ತಿರುಗಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂತು ಸಜ್ಜೆ ಮುದ್ದೆ, ಸೊಪ್ಪು, ಒಣಮೀನು ತಿಂದರು. ಮಾವ ಎರಡು ಬುರುಡೆ ಕುಡಿದು, ರೌನಾಳಿಗೆ ನಾಯಿಗಿಂತ ಚುರುಕು ಮೂಗಿದೆ, ಇವಳನ್ನು ಆ ಸಭೆಗೆ ಕಳಿಸಬೇಕಾಗಿತ್ತು, ಪುಸ್ತಕ ಒಂದು ವಾರಕ್ಕೆ ಮುಗಿಯುತ್ತಿತ್ತು ಎಂದು ಮತ್ತೆ ಮತ್ತೆ ಹೇಳಿ, ದಿಮ್ಮಿಗೆ ಒರಗಿ ನಿದ್ದೆ ಹೋದ. ರೌನಾ ಕೈ ಮುಗಿಯಲಿಲ್ಲ. ಹೈಕಿಯ ಕೈಗೆ ನೀರು ಹಾಕುವಾಗ ಮಾತ್ರ, ಎಂದಿನ ಹಾಗೆ ಒಂದೇ ಚೊಂಬು ಸುರಿದು ತಿರುಗದೆ, ಬೆರಳ ಸಂದಿಯ ಮುದ್ದೆ ಪೂರ್ತಿ ಹೋಗುವ ತನಕ ನಿಂತು ಸುರಿದಳು.

ಬಿಸಿಲು ಇಳಿಯುವಾಗ ಗಂಡ ಹೆಂಡತಿ ಹೊರಟರು. ಮರೂಲಾ ರಸ ತುಂಬಿದ ಮಡಕೆಯೊಂದನ್ನು ರೌನಾ ಸಾರಾಳ ತಲೆಯ ಮೇಲೆ ಇರಿಸಿದ್ದಳು. ಹೈಕಿ ಮುಂದೆ, ಸಾರಾ ಹಿಂದೆ. ಓಶಾನಾದ ದಡದಲ್ಲಿ ಅವಳು ನಿಂತಳು.

"ಅಲ್ಲಾ, ಅವಾಗಿಂದ ಯೋಚಿಸ್ತಿದೀನಿ. ಹಾಗಾದ್ರೆ ನೀವು ಸತ್ರೆ ಅರ್ಧ ನಂದು?"

"ಸಾಯದಿದ್ರೂ ಅರ್ಧ ನಿಂದೇ. ಈಗಲೇ."

"ಈಗಲೇ?"

"ಮದುವೆ ಇದೆಯಲ್ಲ."

ಅವಳು ಮಂಡಿ ಬಾಗಿಸಿ, ಎರಡು ಕೈಯಲ್ಲಿ ಮಡಕೆಯನ್ನು ಇಳಿಸಿದಳು. "ಬಗ್ಗಿ" ಅಂದಳು.

"ಏನು?"

"ಇಲ್ಲೀವರೆಗೂ ಅರ್ಧ ದಾರಿ ಆಯ್ತು. ಬಗ್ಗಿ."

ಗಂಡಸರು ತಲೆಯ ಮೇಲೆ ಹೊರುವುದಿಲ್ಲ. ಅವನ ಅಪ್ಪ ಹೊತ್ತಿರಲಿಲ್ಲ, ಮಾವ ಹೊತ್ತಿರಲಿಲ್ಲ. ಹೈಕಿ ಆಚೆ ಈಚೆ ನೋಡಿದ. ಬಿಚ್ಚಿದ ಬೂಟನ್ನು ಲೇಸಿನಿಂದ ಹೆಗಲಿಗೆ ತಗುಲಿಸಿಕೊಂಡ. ಬಗ್ಗಿದ. ಬಟ್ಟೆಯ ಸಿಂಬಿಯನ್ನೂ ಅದರ ಮೇಲೆ ಮಡಕೆಯನ್ನೂ ಅವಳು ಇಟ್ಟಾಗ ಕುತ್ತಿಗೆಯೊಳಗೆ ಇಡೀ ಆಕಾಶ ಕೂತ ಹಾಗಾಯಿತು. ನೀರಿಗೆ ಕಾಲಿಟ್ಟ. ಕೆಸರು ಜಾರಿತು, ರಸ ತುಳುಕಿ ಹಣೆಯ ಮೇಲೆ ಇಳಿದು, ಮೂಗಿನ ಪಕ್ಕದಿಂದ ತುಟಿಗೆ ಬಂತು.

"ನೆಲ ನೋಡ್ಬೇಡಿ, ಮುಂದೆ ನೋಡಿ" ಅಂದಳು ಸಾರಾ ಹಿಂದಿನಿಂದ. ಬರಿಗೈಯನ್ನು ಬೀಸುತ್ತ, ನೈದಿಲೆಗಳ ನಡುವೆ ಹಾಡು ಗುನುಗುತ್ತ ಬರುತ್ತಿದ್ದಳು. "ಕುತ್ತಿಗೆ ಗಟ್ಟಿ ಮಾಡ್ಬೇಡಿ. ಬಿಡಿ. ಅದೇ ಅಭ್ಯಾಸ ಆಗ್ತದೆ."